ಯೆಲ್ಲೋಸ್ಟೋನ್: ಸ್ವಂತ ಕಾರೋ, ಗುಂಪಿನ ಬಸ್ಸೋ, ಖಾಸಗಿ ಗೈಡೋ?

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟವರೆಲ್ಲ ಕೇಳುವ ಪ್ರಶ್ನೆ ಒಂದೇ: ಖಾಸಗಿ ಗೈಡ್‌ಗೆ ಅಷ್ಟೊಂದು ದುಡ್ಡು ಕೊಡಬೇಕಾ? ಪ್ರಾಣಿ ನೋಡೋಕೆ ಕೊಡಿ, ಬಿಸಿನೀರಿನ ಬುಗ್ಗೆ ನೋಡೋಕೆ ಬೇಡ. ಇದು ನನ್ನ ಉತ್ತರ. ಈ ಪಾರ್ಕನ್ನು ನಾವು ಮೂರೂ ಥರ ನೋಡಿದ್ದೇವೆ: ನಮ್ಮದೇ ಕಾರಿನಲ್ಲಿ, ವೆಸ್ಟ್ ಯೆಲ್ಲೋಸ್ಟೋನ್ ಊರಿನಿಂದ ಹೊರಡುವ ಗುಂಪಿನ ಬಸ್ಸಿನಲ್ಲಿ, ಹುಣಸೂರಿನಿಂದ ಅತ್ತೆ-ಮಾವ ಬಂದಿದ್ದಾಗ ಖಾಸಗಿ ಗೈಡ್ ಜೊತೆಗೆ.

ಬಸ್ಸಿನ ವಿಷಯ ಬೇಗ ಮುಗಿಸಿಬಿಡುತ್ತೇನೆ. ತಲೆಗೆ ನೂರೈವತ್ತು ಡಾಲರ್ ಆಸುಪಾಸು. ಪಾರ್ಕಿಂಗ್ ತಲೆನೋವಿಲ್ಲ; ಬೇಸಿಗೆಯಲ್ಲಿ ಮಿಡ್‌ವೇ ಗೀಸರ್ ಬೇಸಿನ್ ಎಂಬ ಬುಗ್ಗೆಗಳ ಬಯಲಿನ ಹತ್ತಿರ ಕಾರು ನಿಲ್ಲಿಸಲು ಒದ್ದಾಡಿದವರಿಗೆ ಅದೂ ಸಣ್ಣ ಸುಖವಲ್ಲ. ಆದರೆ ಎಲ್ಲ ಕಡೆ ಗಡಿಯಾರದ ಕಾಟ. ಅಲ್ಲಿನ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಬುಗ್ಗೆಯ ಬಣ್ಣ ಪೂರ್ತಿ ಕಾಣಬೇಕಾದರೆ ಫೇರಿ ಫಾಲ್ಸ್ ದಾರಿ ಹಿಡಿದು ಗುಡ್ಡದ ಮೇಲಿನ ವೀಕ್ಷಣಾ ಕಟ್ಟೆಗೆ ಹತ್ತಬೇಕು. ಅದಕ್ಕೆ ನಮ್ಮ ಬಸ್ಸಿಗೆ ಪುರುಸೊತ್ತಿರಲಿಲ್ಲ. ಕೆಳಗಿನ ಮರದ ಹಲಗೆ ದಾರಿಯಲ್ಲಿ ನಿಂತವರಿಗೆ ಕಂಡಿದ್ದು ಹಬೆ, ಜನರ ಬೆನ್ನು. ಒಬ್ಬರೇ ಬಂದಿದ್ದರೆ, ಕಾರು ಓಡಿಸಲು ಬಾರದಿದ್ದರೆ ಬಸ್ಸು ಸರಿ.

ಸ್ವಂತ ಕಾರಿಗೆ ನನ್ನ ಓಟು ಹೆಚ್ಚು. ಪಾರ್ಕಿನ ಒಳಗಿನ ಗ್ರ್ಯಾಂಡ್ ಲೂಪ್ ರಸ್ತೆ ಇಂಗ್ಲಿಷಿನ 8ರ ಆಕಾರದಲ್ಲಿದೆ, ಉದ್ದ 142 ಮೈಲಿ. ವೇಗದ ಮಿತಿ 45 ಮೈಲಿ, ಬೈಸನ್ (ಅಲ್ಲಿನ ಕಾಡೆಮ್ಮೆ) ಹಿಂಡು ರಸ್ತೆಗೆ ಇಳಿದರೆ ಸೊನ್ನೆ. ಒಳಗೆ ಬಹುತೇಕ ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಹಾಗಾಗಿ ನ್ಯಾಷನಲ್ ಪಾರ್ಕ್ ಸರ್ವಿಸ್ ಆ್ಯಪನ್ನೂ ನಕ್ಷೆಯನ್ನೂ ಹೊರಗಿದ್ದಾಗಲೇ ಇಳಿಸಿಕೊಳ್ಳಿ. ಬುಗ್ಗೆಗಳು ಎದ್ದು ಓಡಿಹೋಗುವುದಿಲ್ಲವಲ್ಲ! ಓಲ್ಡ್ ಫೇತ್‌ಫುಲ್ ಎಂಬ ಚಿಮ್ಮುವ ಬುಗ್ಗೆ ಯಾವಾಗ ಚಿಮ್ಮುತ್ತದೆ ಎಂದು ಹತ್ತು ನಿಮಿಷ ಆಚೀಚೆಗೆ ರೇಂಜರ್‌ಗಳೇ ಬೋರ್ಡ್ ಹಾಕಿರುತ್ತಾರೆ. ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್‌ಗೆ ಬೆಳಗ್ಗೆ ಹೋಗಬೇಡಿ. ತಣ್ಣನೆ ಗಾಳಿಗೆ ಹಬೆ ದಟ್ಟವಾಗಿ ಬುಗ್ಗೆಯೇ ಮುಚ್ಚಿಹೋಗುತ್ತದೆ. ಬಿಸಿಲೇರಿದ ಮೇಲೆ ನಡುವಿನ ನೀಲಿ, ಅದರ ಸುತ್ತ ಹಳದಿ, ಕಿತ್ತಳೆ ಬಳೆಗಳು ಬಿಡಿಸಿಟ್ಟಂತೆ ಕಾಣುತ್ತವೆ. ನಡುವೆ ನೀರು ಸುಡುವಷ್ಟು ಬಿಸಿ. ಅಂಚಿಗೆ ಬಂದಂತೆ ಆರುತ್ತಾ ಹೋಗಿ, ಒಂದೊಂದು ಶಾಖಕ್ಕೆ ಒಂದೊಂದು ಬಗೆಯ ಸೂಕ್ಷ್ಮಜೀವಿ ಬೆಳೆಯುವುದರಿಂದ ಆ ಬಣ್ಣಗಳು. ಇದೆಲ್ಲ ಅಲ್ಲಿನ ಫಲಕಗಳಲ್ಲೇ ಬರೆದಿದೆ. ರೇಂಜರ್‌ಗಳ ವಿವರಣೆ ಬಿಟ್ಟಿ. ಹೀಗಿರುವಾಗ ದುಡ್ಡು ಕೊಟ್ಟು ಕೇಳುವುದೇಕೆ?

ಪ್ರಾಣಿಗಳ ವಿಷಯಕ್ಕೆ ಬಂದಾಗ ನಮ್ಮ ಕಾರು ಸೋತಿತು. ಬೈಸನ್ ಬೇಕಾದಷ್ಟು, ಪಾರ್ಕಿನ ಉತ್ತರದ ಮ್ಯಾಮತ್ ಬುಗ್ಗೆಗಳ ಹತ್ತಿರ ಎಲ್ಕ್ ಎಂಬ ದೊಡ್ಡ ಜಿಂಕೆಗಳೂ ಕಂಡವು. ತೋಳ ಮಾತ್ರ ಇಲ್ಲ.

ಖಾಸಗಿ ಗೈಡ್ ನಮ್ಮನ್ನು ಉತ್ತರದ ಬಾಗಿಲಲ್ಲಿರುವ ಗಾರ್ಡಿನರ್ ಊರಿನಿಂದ ಹತ್ತಿಸಿಕೊಂಡಾಗ ಇನ್ನೂ ನಕ್ಷತ್ರಗಳಿದ್ದವು. ಲಾಮಾರ್ ಕಣಿವೆ ತಲುಪುವಾಗ ಬೆಳಕು ಹರಿಯುತ್ತಿತ್ತು. ಅವನು ಮೊದಲು ಹುಡುಕಿದ್ದು ತೋಳವನ್ನಲ್ಲ, ಕಾಗೆಗಳನ್ನು. ದೊಡ್ಡ ಕಾಡುಕಾಗೆಗಳು ಒಂದೇ ಜಾಗದ ಮೇಲೆ ಸುತ್ತುತ್ತಿದ್ದರೆ ಕೆಳಗೆ ಬೇಟೆ ಬಿದ್ದಿರಬಹುದು, ಬೇಟೆಯಿದ್ದರೆ ತೋಳ ಹತ್ತಿರದಲ್ಲೇ ಇರಬಹುದು ಅನ್ನುವ ಲೆಕ್ಕ. ಇದನ್ನು ಕೇಳಿ ಮಾವನಿಗೆ ಉತ್ಸಾಹ ಬಂತು. ನಾಗರಹೊಳೆಯಲ್ಲಿ ಜೀಪು ನಿಲ್ಲಿಸಿ ಮುಸುವ, ಜಿಂಕೆಗಳ ಕೂಗಿಗೆ ಕಿವಿಗೊಟ್ಟು ಹುಲಿ ಎಲ್ಲಿದೆ ಅಂತ ಅಂದಾಜು ಮಾಡುತ್ತಾರಲ್ಲ, ಅದೇ ಕೆಲಸ ಇಲ್ಲಿ ಕಣ್ಣಿನದು.

ಅವನ ಕೈಯಲ್ಲೊಂದು ರೇಡಿಯೋ. ಕಣಿವೆಯ ಉದ್ದಕ್ಕೂ ಬೇರೆ ತೋಳ ವೀಕ್ಷಕರು ನಿಂತಿರುತ್ತಾರೆ, ಕಂಡಿದ್ದನ್ನು ಹಂಚಿಕೊಳ್ಳುತ್ತಾರೆ. ಸ್ಲೌ ಕ್ರೀಕ್ ಹತ್ತಿರ ನಿಲ್ಲಿಸಿ ಸ್ಟ್ಯಾಂಡಿನ ಮೇಲೆ ಸ್ಕೋಪ್ (ಒಂಟಿ ಕಣ್ಣಿನ ದುರ್ಬೀನು) ಕೂರಿಸಿ, ಅತ್ತೆಯ ಎತ್ತರಕ್ಕೆ ಕಾಲುಗಳನ್ನು ತಗ್ಗಿಸಿದ. ಅತ್ತೆ ಒಂದು ಕಣ್ಣನ್ನು ಸೆರಗಿನ ತುದಿಯಿಂದ ಮುಚ್ಚಿಕೊಂಡು ನೋಡಿದರು. ಒಂದು ಮೈಲಿಗೂ ಹೆಚ್ಚು ದೂರದಲ್ಲಿ ಒಂದು ಕಪ್ಪು, ಮೂರು ಬೂದು. ಕಪ್ಪನೆಯದು ಮೈ ಮುರಿದು ಇನ್ನೊಂದರ ಮೂತಿ ನೆಕ್ಕಿತು. “ಬೀದಿನಾಯಿ ಥರಾನೇ ಆಡ್ತಿದೆಯಲ್ಲೇ!” ಅಂದರು. ಬರಿಗಣ್ಣಿಗೆ ಆ ಗುಡ್ಡದಲ್ಲಿ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಹಿಂದೆ ನಾವು ಅದೇ ರಸ್ತೆಯಲ್ಲಿ ಹಾಗೇ ದಾಟಿಹೋಗಿದ್ದೆವು.

1926ರ ಹೊತ್ತಿಗೆ ಈ ಪಾರ್ಕಿನಲ್ಲಿ ತೋಳಗಳನ್ನು ಕೊಂದು ಮುಗಿಸಿದ್ದರಂತೆ. 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಬಿಟ್ಟ ಮೇಲೆ ಮತ್ತೆ ಕುಲ ಬೆಳೆಯಿತು. ಇದನ್ನು ಫಲಕದಲ್ಲೂ ಓದಬಹುದು, ಆದರೆ ತೋಳ ಸ್ಕೋಪಿನೊಳಗೆ ಇರುವಾಗ ಕೇಳುವುದೇ ಬೇರೆ.

ಮಧ್ಯಾಹ್ನ ಅವನೇ ಮ್ಯಾಮತ್, ನಾರಿಸ್ ಕಡೆಯ ಬುಗ್ಗೆಗಳನ್ನು ತೋರಿಸಿದ. ಚೆನ್ನಾಗಿಯೇ ಹೇಳಿದ: ಮ್ಯಾಮತ್‌ನ ಬಿಸಿನೀರು ಸುಣ್ಣದ ಕಲ್ಲನ್ನು ಕರಗಿಸಿ ತಂದು ಮೆಟ್ಟಿಲು ಕಟ್ಟುತ್ತದೆ, ಓಲ್ಡ್ ಫೇತ್‌ಫುಲ್ ಕಡೆಯ ಸಿಲಿಕಾ ತುಂಬಿದ ಬಂಡೆಯೇ ಗಟ್ಟಿ ಕೊಳವೆಯಾಗಿ ಒತ್ತಡ ಹಿಡಿದಿಟ್ಟು ಚಿಮ್ಮಿಸುತ್ತದೆ. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಪಿಸಿಆರ್ ತಂತ್ರಕ್ಕೆ ಬೇಕಾದ ಕಿಣ್ವ ಮೊದಲು ಸಿಕ್ಕಿದ್ದು ಇಲ್ಲಿನ ಬುಗ್ಗೆಯಲ್ಲಿ ಪತ್ತೆಯಾದ ಬ್ಯಾಕ್ಟೀರಿಯಾದಿಂದ ಅನ್ನುವುದೂ ಗೊತ್ತಾಯಿತು. ಸ್ವಾರಸ್ಯವೇ, ಆದರೆ ಅರ್ಧ ದಿನದ ದುಡ್ಡಿಗೆ ತೂಗುವಷ್ಟಲ್ಲ. ಅಷ್ಟರಲ್ಲಿ ಮಾವ ಸೀಟಿನಲ್ಲಿ ತೂಕಡಿಸುತ್ತಿದ್ದರು.

ಇಡೀ ದಿನಕ್ಕೆ ಹತ್ತಿರ ಹತ್ತಿರ ಸಾವಿರ ಡಾಲರ್, ಟಿಪ್ ಬೇರೆ. ಆದರೆ ಇದು ತಲೆಗಲ್ಲ, ಗಾಡಿಗೆ. ಐದಾರು ಮಂದಿಯಿದ್ದರೆ ಬಸ್ಸಿನ ದರಕ್ಕಿಂತ ಭಾರೀ ದೂರವೇನಿಲ್ಲ. ಮಂಡಿನೋವಿನ ಅತ್ತೆಗೆ ಬೇಕೆಂದಲ್ಲಿ ನಿಲ್ಲಿಸಿದ ಅನುಕೂಲ ಬೇರೆ. ಈಗ ಯಾರಾದರೂ ಕೇಳಿದರೆ ಬೆಳಗಿನ ಅರ್ಧ ದಿನಕ್ಕಷ್ಟೇ ಗೈಡ್ ಹಿಡಿಯಿರಿ, ಉಳಿದಿದ್ದಕ್ಕೆ ನಿಮ್ಮ ಕಾರು ಸಾಕು ಅನ್ನುತ್ತೇನೆ.

ಬುಕ್ ಮಾಡುವ ಮುನ್ನ ಸ್ಕೋಪ್ ಎಷ್ಟಿದೆ, ಎಲ್ಲಿಂದ ಹತ್ತಿಸಿಕೊಳ್ಳುತ್ತಾರೆ ಅಂತ ಕೇಳಿ. ವೆಸ್ಟ್ ಯೆಲ್ಲೋಸ್ಟೋನ್‌ನಿಂದ ಲಾಮಾರ್‌ಗೆ ಎರಡು ಗಂಟೆಗೂ ಮೇಲೆ ಹಿಡಿಯುತ್ತದೆ, ಬೆಳಗಿನ ಬೇಟೆ ಹೊತ್ತು ರಸ್ತೆಯಲ್ಲೇ ಕಳೆದುಹೋಗುತ್ತದೆ. ಪಾರ್ಕ್ ಸರ್ವಿಸ್‌ನ ಪರವಾನಗಿ ಇರಲೇಬೇಕು. ಕರಡಿ, ತೋಳಗಳಿಂದ 100 ಗಜ, ಉಳಿದ ಪ್ರಾಣಿಗಳಿಂದ 25 ಗಜ ದೂರವಿರಬೇಕೆಂಬ ನಿಯಮ ಗೈಡ್‌ಗೂ ಒಂದೇ. ಇನ್ನೂ ಹತ್ತಿರ ಕರೆದೊಯ್ಯುತ್ತೇನೆ ಅನ್ನುವವನನ್ನು ಅಲ್ಲಿಗೇ ಬಿಡಿ. ಊಟದ ಡಬ್ಬಿಯಲ್ಲಿ ಸಸ್ಯಾಹಾರ ಅಂದರೆ ತಣ್ಣನೆ ಸ್ಯಾಂಡ್‌ವಿಚ್, ಪುಳಿಯೋಗರೆ ಕಟ್ಟಿಕೊಂಡು ಹೋಗಿ. ಜುಲೈ ಮಧ್ಯಾಹ್ನ ಹೊರಡುವ ತೋಳದ ಟೂರ್ ಯಾರಾದರೂ ಮಾರಿದರೆ ಎಷ್ಟೇ ಅಗ್ಗವಾದರೂ ಬೇಡ.