ಜಿಪ್ಸಿಗೆ 1.6 ಎಂಜಿನ್: ಎಳೆತ ಸೊಗಸು, ತಲೆನೋವೆಲ್ಲ ಕೂಲಿಂಗ್‌ನದು

ಮಾರುತಿಯ ಜೀಪಿನಂಥ ಗಾಡಿ ಜಿಪ್ಸಿ ಕಿಂಗ್‌ನ 1.3 ಲೀಟರ್ ಎಂಜಿನ್ ಇಳಿಸಿ ಅದೇ ಕಂಪನಿಯ ಹಳೆಯ ಬಲೆನೊ ಕಾರಿನ 1.6 ಲೀಟರ್ ಎಂಜಿನ್ ಕೂರಿಸಿದವರು ಮೊದಲು ಹೊಗಳುವುದು ಹೈವೇ ಸ್ಪೀಡನ್ನು. ಅದು ನನಗೆ ಬೇಕಿಲ್ಲ. ಲೀಫ್ ಸ್ಪ್ರಿಂಗ್ ಮೇಲೆ ಕುಣಿಯುವ ಈ ಗಾಡಿಯನ್ನು ಹಾಗೆ ಓಡಿಸಲೂ ಬಾರದು. ನಿಜವಾದ ಸುಖ ಕಡಿಮೆ ಆರ್‌ಪಿಎಂನಲ್ಲಿದೆ. ಬೋರ್ (ಸಿಲಿಂಡರಿನ ಅಗಲ) 74ರಿಂದ 75 ಮಿ.ಮೀ. ಆಗುತ್ತದೆ ಅಷ್ಟೆ, ಆದರೆ ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 75.5ರಿಂದ 90ಕ್ಕೆ ಏರುತ್ತದೆ. ಹಾಫ್ ಕ್ಲಚ್ ಹಿಡಿದು ರೇಸ್ ಕೊಟ್ಟು ಹತ್ತಿಸುತ್ತಿದ್ದ ಕಲ್ಲು ಏರನ್ನು ಈಗ ಲೋ ರೇಂಜ್‌ನಲ್ಲಿ (ನಿಧಾನಕ್ಕೆ, ಬಲವಾಗಿ ಎಳೆಯುವ ಗೇರ್ ಸಾಲಿನಲ್ಲಿ) ಕ್ಲಚ್ ಮುಟ್ಟದೆ ಹತ್ತಿಸಬಹುದು.

ಒಂದೇ ವಂಶದ ಎಂಜಿನ್‌ಗಳಾದ್ದರಿಂದ ಬೆಲ್ ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚ) ಬೋಲ್ಟ್‌ಗಳು ಕೂರುತ್ತವೆ. ಇಷ್ಟು ನಂಬಿ ಗ್ಯಾರೇಜಿನವರು ‘ನೇರ ಕೂರುತ್ತೆ ಸಾರ್’ ಅಂದರೆ ಒಪ್ಪಬೇಡಿ. ಬಲೆನೊದಲ್ಲಿ ಎಂಜಿನ್ ಅಡ್ಡಕ್ಕಿರುತ್ತದೆ, ಜಿಪ್ಸಿಯಲ್ಲಿ ಉದ್ದಕ್ಕೆ. ಮೌಂಟಿಂಗ್ ಬೇರೆ ಮಾಡಿಸಬೇಕು. ಎಂಜಿನ್ ಅಡಿಯ ಆಯಿಲ್ ಚೇಂಬರ್ ಮುಂದಿನ ಡಿಫರೆನ್ಷಿಯಲ್‌ಗೆ ಬಡಿಯದಂತೆ ಕತ್ತರಿಸಿ ಬೆಸೆಯಬೇಕು, ಅದಕ್ಕೆ ತಕ್ಕಂತೆ ಒಳಗಿನ ಆಯಿಲ್ ಸೋಸುವ ಸ್ಟ್ರೈನರ್ ಕೂಡ ಸರಿಹೊಂದಬೇಕು. ಗಾಡಿ ಸಮತಟ್ಟಾಗಿ ನಿಂತಾಗ ಇರುವ ಅಂತರ ನೋಡಿ ಮೋಸಹೋಗಬೇಡಿ. ಆಕ್ಸಲ್ ಪೂರ್ತಿ ಮೇಲೇರುವಂತೆ ಜಾಕ್ ಕೊಟ್ಟು ಅಳೆಯಿರಿ. ಫ್ಲೈವೀಲ್ ಕೊಳ್ಳುವ ಮೊದಲು ಕ್ರ್ಯಾಂಕಿನ ಬೋಲ್ಟ್ ತೂತುಗಳನ್ನು ಎಣಿಸಿಕೊಳ್ಳಿ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ವೈರಿಂಗ್, ಸೆನ್ಸರ್‌ಗಳು, ಇಮೊಬಿಲೈಸರ್ (ಕಳ್ಳತನ ತಡೆಯುವ ಎಲೆಕ್ಟ್ರಾನಿಕ್ ಬೀಗ) ಇದ್ದರೆ ಅದರ ಕೀ, ಎಲ್ಲವೂ ಒಂದೇ ಕಾರಿನವಾಗಿರಲಿ.

ಇನ್ನು ನನ್ನ ತಕರಾರು. ಇಷ್ಟೆಲ್ಲ ಕಟ್ಟಿದ ಮೇಲೂ ಹಳೆಯ ರೇಡಿಯೇಟರನ್ನೇ ಬಿಟ್ಟು ಗಾಡಿ ಕೊಡುತ್ತಾರೆ. ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಲೋ ರೇಂಜ್‌ನಲ್ಲಿ ತೆವಳುವಾಗ ಎದುರುಗಾಳಿ ಇರುವುದಿಲ್ಲ, ಎಲ್ಲ ಫ್ಯಾನ್ ಮೇಲೆ ಬೀಳುತ್ತದೆ, ಕಾವು ಏರುತ್ತದೆ. ಶ್ರೌಡ್ (ಫ್ಯಾನ್ ಸುತ್ತ ರೇಡಿಯೇಟರನ್ನು ಮುಚ್ಚುವ ಕವಚ) ಇಲ್ಲದ ಎಲೆಕ್ಟ್ರಿಕ್ ಫ್ಯಾನ್ ತನ್ನ ಎದುರಿನ ವೃತ್ತದಷ್ಟರಿಂದ ಮಾತ್ರ ಗಾಳಿ ಎಳೆಯುತ್ತದೆ. ಮೂಲೆಗಳ ಕೋರ್ (ರೇಡಿಯೇಟರಿನ ಜಾಲರಿ) ಕೆಲಸಕ್ಕೆ ಬರುವುದಿಲ್ಲ.

ಅದಕ್ಕಿಂತ ಅಪಾಯ ಒಳಗೆ ಸಿಕ್ಕಿಬೀಳುವ ಗಾಳಿ. 1.6ರ ಬ್ಲಾಕ್ ಎತ್ತರ. ಹೆಡ್ಡಿನ ನೀರಿನ ದಾರಿ ರೇಡಿಯೇಟರ್ ಮುಚ್ಚಳಕ್ಕಿಂತ ಮೇಲಾದರೆ ಗಾಳಿ ಅಲ್ಲೇ ಕೂರುತ್ತದೆ. ಸೆನ್ಸರ್ ಸುತ್ತ ನೀರಿಲ್ಲದಿದ್ದರೆ ಗೇಜ್ ಮುಳ್ಳು ಅರ್ಧದಲ್ಲೇ ನಿಂತಿರುತ್ತದೆ, ಇತ್ತ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತಿರುತ್ತದೆ. ಕೂಲಂಟ್ ತುಂಬುವಾಗ ಮುಂದಿನ ಚಕ್ರಗಳನ್ನು ಎತ್ತರಕ್ಕೆ ಹತ್ತಿಸಿ, ಹೀಟರ್ ತೆರೆದಿಟ್ಟು, ಥರ್ಮೋಸ್ಟಾಟ್ (ಕಾವೇರಿದಾಗ ಕೂಲಂಟ್‌ಗೆ ದಾರಿ ಬಿಡುವ ವಾಲ್ವ್) ತಾನಾಗಿ ತೆರೆದು ಗುಳ್ಳೆ ನಿಲ್ಲುವವರೆಗೂ ಐಡಲ್‌ನಲ್ಲಿ ಬಿಡಬೇಕು. ಕಾವು ಜಾಸ್ತಿ ಅಂತ ಥರ್ಮೋಸ್ಟಾಟನ್ನೇ ಕಿತ್ತುಹಾಕುವ ಸಲಹೆ ಕೇಳಬೇಡಿ. ಎಂಜಿನ್ ತಣ್ಣಗೇ ಉಳಿದು ಇಸಿಯು ಪೆಟ್ರೋಲ್ ಸುರಿಯುತ್ತದೆ.

ದಪ್ಪ ಕೋರ್‌ನ ರೇಡಿಯೇಟರ್, ಪೂರ್ತಿ ಶ್ರೌಡ್, ರಿಲೇ ಮೂಲಕ ಫ್ಯಾನ್ ಹಾಕಿಸಿದ ಮೇಲೆ ನನ್ನ ಸಿಟ್ಟು ಇಳಿಯಿತು. ಆಮೇಲೆ ಬೆಳಗಿನ ಕೆಲಸವೇ ಇಷ್ಟವಾಯಿತು: ಎಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು ಕೂಲಂಟ್ ಮಟ್ಟ ನೋಡುವುದು, ಆಯಿಲ್ ಮುಚ್ಚಳದ ಒಳಗೆ ಹಾಲಿನಂಥ ಕೆನೆ (ಆಯಿಲಿಗೆ ನೀರು ಸೇರಿದ ಗುರುತು) ಇದೆಯೇ ಅಂತ ಬೆರಳಾಡಿಸುವುದು, ಹೋಸ್‌ಗಳನ್ನು ಹಿಸುಕಿ ನೋಡುವುದು, ಕೋರಿಗೆ ಮೆತ್ತಿದ ಕೆಸರನ್ನು ಹಿಂಬದಿಯಿಂದ ಮೆಲ್ಲಗೆ ನೀರು ಬಿಟ್ಟು ಕಳೆಯುವುದು. ಫ್ಯಾನ್‌ಗೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್ ಇರಲಿ. ಹೊಳೆಗೆ ಇಳಿಯುವ ಮುನ್ನ ಆರಿಸದಿದ್ದರೆ ನೀರಿನ ತಡೆಗೆ ರೆಕ್ಕೆ ಬಾಗಿ ಕೋರನ್ನು ಕೊರೆಯುತ್ತದೆ. ದಡ ಸೇರಿದ ತಕ್ಷಣ ಮತ್ತೆ ಹಾಕಿ.

ಎಳೆತ ಹೆಚ್ಚಿದ ಹೊರೆ ಟ್ರಾನ್ಸ್‌ಫರ್ ಕೇಸಿನ (ಎಳೆತವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯ) ರಬ್ಬರ್ ಮೌಂಟ್‌ಗಳ ಮೇಲೂ ಬೀಳುತ್ತದೆ. ಜಿಪ್ಸಿಯಲ್ಲಿ ಅದು ಗೇರ್‌ಬಾಕ್ಸಿನಿಂದ ಬೇರೆಯಾಗಿ ನೇತಾಡುವುದರಿಂದ ಮೌಂಟ್ ಹರಿದರೆ ಕ್ಲಚ್ ಬಿಟ್ಟಾಗ ಧಡ್ ಅನ್ನುತ್ತದೆ. ಎಂಜಿನ್ ಇಳಿಸಿದಾಗಲೇ ಅವನ್ನೂ, ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್, ಟೈಮಿಂಗ್ ಬೆಲ್ಟ್, ವಾಟರ್ ಪಂಪ್‌ಗಳನ್ನೂ ಬದಲಿಸಿ.

ಕಾಗದದ ಮಾತು: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ಆರ್‌ಟಿಒದಲ್ಲಿ ವಿಚಾರಿಸದೆ ಎಂಜಿನ್‌ಗೆ ಮುಂಗಡ ಕೊಡಬೇಡಿ. ರೇಡಿಯೇಟರ್‌ಗೆ ಬಜೆಟ್ ಸಾಲದಿದ್ದರೆ 1.3ನ್ನೇ ಚೆನ್ನಾಗಿ ರಿಪೇರಿ ಮಾಡಿಸಿ ಓಡಿಸಿ.