ಸೆಲ್ಟಾ ಕೋರ್ಸ್: ದುಬಾರಿ ಹೌದು, ದಂಡ ಅಲ್ಲ

ಹೊರದೇಶಕ್ಕೆ ಹೋಗಿ ಇಂಗ್ಲಿಷ್ ಕಲಿಸಬೇಕು, ಯಾವ ಕೋರ್ಸ್ ಮಾಡಲಿ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ಆಗಾಗ ಯಾರಾದರೂ ಕೇಳ್ತಾರೆ. ನಾನು ಶಿವಮೊಗ್ಗದಲ್ಲಿ ಹೈಸ್ಕೂಲ್ ಟೀಚರ್. ಎಂ.ಎ., ಬಿ.ಎಡ್. ಎರಡೂ ಆಗಿದೆ. ಅದರ ಮೇಲೆ ಸೆಲ್ಟಾವನ್ನು, ಅಂದರೆ ಇಂಗ್ಲಿಷ್ ಕಲಿಸುವವರಿಗೆ ಕೇಂಬ್ರಿಡ್ಜ್ ಕೊಡುವ ಸರ್ಟಿಫಿಕೇಟ್ ಕೋರ್ಸನ್ನು, ಆನ್‌ಲೈನಿನಲ್ಲಿ ಮಾಡಿದೆ. ಫೀಸು ಲಕ್ಷ ದಾಟಿತು. "ಇಷ್ಟು ವರ್ಷ ಪಾಠ ಮಾಡಿದವಳಿಗೆ ಮತ್ತೆ ಪಾಠ ಮಾಡೋದು ಕಲಿಸ್ತಾರಾ?" ಅಂದರು ನಮ್ಮ ಯಜಮಾನರು. ಕಲಿಸಿದರು.

ನೆಟ್‌ನಲ್ಲಿ "120 ಗಂಟೆ ಟೆಫಲ್" ಅಂತ ಒಂದೆರಡು ಸಾವಿರಕ್ಕೂ ಸರ್ಟಿಫಿಕೇಟ್ ಸಿಗುತ್ತೆ. ಟೆಫಲ್ ಅಂದರೆ ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗೆ ಇಂಗ್ಲಿಷ್ ಕಲಿಸೋದು. ಆ ಹೆಸರಲ್ಲಿ ಯಾರು ಬೇಕಾದರೂ ಕೋರ್ಸ್ ಮಾರಬಹುದು, ಕೇಳೋರಿಲ್ಲ. ಅಂಥ ಒಂದು ಕಡೆ ಫೋನ್ ಮಾಡಿ, ನಿಜವಾದ ವಿದ್ಯಾರ್ಥಿಗಳ ಮುಂದೆ ಪಾಠ ಮಾಡಿಸ್ತೀರಾ ಅಂತ ವಿಚಾರಿಸಿದೆ. "ಮೇಡಂ, ಇವತ್ತೇ ಕಟ್ಟಿದರೆ ಅರ್ಧ ರೇಟು" ಅಂದರು. ಫೋನ್ ಇಟ್ಟೆ.

ಸೆಲ್ಟಾದಲ್ಲೂ ಕನಿಷ್ಠ 120 ಗಂಟೆಯೇ. ಆದರೆ ಅದರಲ್ಲಿ 6 ಗಂಟೆ ನಾವು ನಿಜವಾದ ಕಲಿಯುವವರಿಗೆ, ಎರಡು ಬೇರೆ ಬೇರೆ ಮಟ್ಟದ ಗುಂಪಿಗೆ, ಪಾಠ ಮಾಡಬೇಕು. ಟ್ಯೂಟರ್ ಕೂತು ನೋಡ್ತಾರೆ, ಮುಗಿದ ಮೇಲೆ ಜೊತೆಯವರ ಎದುರಿಗೇ ತಪ್ಪು ಒಪ್ಪು ಹೇಳ್ತಾರೆ. 4 ಅಸೈನ್‌ಮೆಂಟ್ ಬೇರೆ. ದುಡ್ಡು ಕೊಟ್ಟ ಮಾತ್ರಕ್ಕೆ ಸೀಟೂ ಸಿಗಲ್ಲ, ಮೊದಲು ಒಂದು ಬರಹದ ಪರೀಕ್ಷೆ, ಇಂಟರ್‌ವ್ಯೂ ಇರುತ್ತೆ. ಲಂಡನ್ನಿನ ಟ್ರಿನಿಟಿ ಕಾಲೇಜಿನವರ ಇಂಥದ್ದೇ ಕೋರ್ಸ್ ಸರ್ಟ್ ಟೀಸಾಲ್‌ನಲ್ಲೂ 6 ಗಂಟೆ ಪಾಠ ಮಾಡಿಸ್ತಾರೆ, ಅದು ಸಿಕ್ಕರೂ ಸರಿಯೇ.

ನನಗೆ ದುಡ್ಡು ವಸೂಲಾಗಿದ್ದು ಒಂದೇ ಒಂದು ವಿಷಯದಲ್ಲಿ. ನಮ್ಮಲ್ಲಿ ಪಾಠ ಮುಗಿಸಿ "ಅಂಡರ್‌ಸ್ಟುಡ್?" ಅಂತೀವಿ. "ಯೆಸ್ ಮಿಸ್" ಅಂತ ಇಡೀ ಕ್ಲಾಸು ರಾಗ ಎಳೆಯುತ್ತೆ. ಅಲ್ಲಿಗೆ ಎಲ್ಲರೂ ಪಾರು, ಅಲ್ವಾ? ಸೆಲ್ಟಾದಲ್ಲಿ ಆ ಪ್ರಶ್ನೆ ಕೇಳಿದರೆ ಟ್ಯೂಟರ್ ಹುಬ್ಬು ಏರುತ್ತೆ. 'ಯೂಸ್ಡ್ ಟು' (ಮುಂಚೆ ಇತ್ತು, ಈಗಿಲ್ಲ) ಪಾಠದಲ್ಲಿ ನಾನು "ಐ ಯೂಸ್ಡ್ ಟು ಲಿವ್ ಇನ್ ಸಾಗರ" ಅಂತ ಬರೆದೆ. ಅರ್ಥ ಆಯ್ತಾ ಅಂತ ಕೇಳೋ ಹಾಗಿಲ್ಲ. ನಾನು ಈಗ ಸಾಗರದಲ್ಲಿದ್ದೀನಾ? ಮುಂಚೆ ಇದ್ದೆನಾ? ಒಂದು ದಿನ ಇದ್ದು ಬಂದೆನಾ, ತುಂಬ ಕಾಲ ಇದ್ದೆನಾ? ಇಷ್ಟೇ ಪ್ರಶ್ನೆ. ತಲೆ ಆಡಿಸ್ತಾ ಕೂತಿದ್ದ ಒಬ್ಬರು ಮೊದಲನೆಯದಕ್ಕೇ "ಯೆಸ್" ಅಂದುಬಿಟ್ಟರು! ಅವರಿಗೆ ಅರ್ಥವಾಗಿಲ್ಲ ಅಂತ ನನಗೆ ಗೊತ್ತಾಗಿದ್ದು ಆಗಲೇ. ಈಗ ಎಂಟನೇ ಕ್ಲಾಸಿಗೂ ಹೀಗೇ ಕೇಳ್ತೀನಿ.

ಕೊರತೆ ಇಲ್ಲ ಅಂತಲ್ಲ. ಇದು ದೊಡ್ಡವರಿಗೆ ಕಲಿಸುವ ತರಬೇತಿ. ಚಿಕ್ಕ ಮಕ್ಕಳ ಕ್ಲಾಸನ್ನು ಹಿಡಿದು ಕೂರಿಸೋದು ಹೇಗೆ ಅಂತ ಇಲ್ಲಿ ಹೇಳಿಕೊಡಲ್ಲ. ಫುಲ್‌ಟೈಮ್ ತಗೊಂಡರೆ ನಾಲ್ಕೈದು ವಾರ ಮನೆ ಕೆಲಸ ಯಾರಾದರೂ ನೋಡಿಕೊಳ್ಳಬೇಕು. ಒಂದು ಪಾಠಕ್ಕೆ ಪುಟಗಟ್ಟಲೆ ಪ್ಲಾನ್ ಬರೆದು ಬರೆದು ರಾತ್ರಿ ಹನ್ನೆರಡಾಗುತ್ತೆ. ಕೆಲಸದಲ್ಲಿ ಇರುವವರು ಪಾರ್ಟ್‌ಟೈಮ್ ಹುಡುಕಿ.

ಕೋರ್ಸ್ ಮಾರುವವರು ಬಾಯಿಬಿಡದ ಮಾತು ಪಾಸ್‌ಪೋರ್ಟಿನದು. ದಕ್ಷಿಣ ಕೊರಿಯಾದ ಇ-2 ವೀಸಾದ ಇಂಗ್ಲಿಷ್ ಟೀಚರ್ ಕೆಲಸ ಹೆಚ್ಚಾಗಿ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾದವರಿಗೇ ಮೀಸಲು. ನಮ್ಮ ಇಂಗ್ಲಿಷ್ ಎಷ್ಟೇ ಚೆನ್ನಾಗಿರಲಿ, ಸೆಲ್ಟಾದಲ್ಲಿ ಪಾಸ್ ಎ ಗ್ರೇಡೇ ಬಂದಿರಲಿ, ಆ ಗೋಡೆ ಹಾಗೇ ಇರುತ್ತೆ. ನನಗೆ ಇದು ಅನ್ಯಾಯ ಅನ್ನಿಸುತ್ತೆ, ಆದರೆ ಅವರ ಕಾನೂನು. ಹಾಗಾಗಿ ಮೊದಲು ದೇಶ ನಿರ್ಧಾರ ಮಾಡಿ, ಅಲ್ಲಿ ಭಾರತೀಯರಿಗೆ ವೀಸಾ ಕೊಡ್ತಾರಾ ನೋಡಿ, ಆಮೇಲೆ ಫೀಸು ಕಟ್ಟಿ. ಹಾಂ, ಡಿಗ್ರಿ ಸರ್ಟಿಫಿಕೇಟ್ ಅಸಲಿ ಅಂತ ಮುದ್ರೆ ಹಾಕಿಸಿಕೊಳ್ಳೋ ಅಟೆಸ್ಟೇಷನ್ ಓಡಾಟವನ್ನು ಈಗಲೇ ಶುರು ಮಾಡಿಕೊಳ್ಳಿ. ಅದು ಕೋರ್ಸಿಗಿಂತ ನಿಧಾನ.