ಗದಗಿನ ಬಂಗಾರದ ಅದಿರು, ಪುಣೆಯ ಪೆಟ್ಟಿಗೆಯಲ್ಲಿ

ಪುಣೆಯ ಪೇಠೆಯೊಂದರಲ್ಲಿ ಹರಳು ಮತ್ತು ಖನಿಜಗಳನ್ನು ಮಾರುವ ಸಣ್ಣ ಅಂಗಡಿಯಿಂದ ಕಳೆದ ತಿಂಗಳು ‘ಗದಗ ಚಿನ್ನದ ಪ್ರದೇಶ’ ಎಂಬ ಚೀಟಿಯಿದ್ದ, ಆರು ಕಲ್ಲುಗಳ ಮರದ ಪೆಟ್ಟಿಗೆಯನ್ನು 1,850 ರೂಪಾಯಿಗೆ ಕೊಂಡೆ. ಇಲ್ಲಿನ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ದಖ್ಖನ್ ಲಾವಾ ಪದರಗಳ ಪೊಳ್ಳುಗಳಲ್ಲಿ ಬೆಳೆದ ಸ್ಟಿಲ್ಬೈಟ್, ಅಪೋಫಿಲೈಟ್ ಹರಳುಗಳು ಮತ್ತು ವಾಘೋಲಿಯ ಕ್ವಾರಿಗಳ ನೀಲಿ ಕ್ಯಾವನ್ಸೈಟ್. ನೋಡಲು ಅವೇ ಚಂದ. ಆದರೆ ಗದಗಿನ ಬಳಿಯ ಮುಳಗುಂದದ ಕಡೆಯವನಾದ ನನ್ನ ಕೈ ಹೋದದ್ದು ಆ ಮಂಕು ಕಲ್ಲುಗಳತ್ತ.

ಗದಗಿನ ಚಿನ್ನದ ಪ್ರದೇಶದ ಬೆಟ್ಟಸಾಲಾದ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮವಾಗಿರುವುದರಿಂದ ಕಲ್ಲುಗಳು ಎಲ್ಲಿಂದ ಬಂದವೆಂದು ಮೊದಲೇ ವಿಚಾರಿಸಿದೆ. ನಿವೃತ್ತ ಉಪನ್ಯಾಸಕರೊಬ್ಬರ ಹಳೆಯ ಸಂಗ್ರಹ ಎಂಬ ಉತ್ತರ ಬಂತು. ಕಲ್ಲುಗಳ ಬೆನ್ನಿಗಿದ್ದ ಮಾಸಿದ ಬಿಳಿ ಬಣ್ಣದ ಅಂಕಿಗಳನ್ನು ಕಂಡು ನಂಬಿದೆ.

ಪೆಟ್ಟಿಗೆಯ ಬೆಲೆಗೆ ತಕ್ಕದ್ದು ಎರಡನೆಯ ಕಲ್ಲು. ಅಂಗೈಯಷ್ಟು ಅಗಲದ ಆ ತುಂಡಿನ ಒಂದು ಬದಿಗೆ ಹಾಲುಬಿಳಿ ಬೆಣಚುಕಲ್ಲು, ಇನ್ನೊಂದು ಬದಿಗೆ ಹಸಿರುಗಪ್ಪು ಲಾವಾ ಶಿಲೆ, ನಡುವೆ ಬೆರಳಗಲದ ಕಂದು ಅಂಚು. ಗದಗಿನ ಚಿನ್ನದ ಕಥೆಯೆಲ್ಲ ಈ ಅಂಚಿನಲ್ಲಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಧಾರವಾಡ ಶಿಲೆಗಳು ಎಂದು ಕರೆಯುವ ಈ ಭಾಗದ ಪುರಾತನ ಶಿಲೆಗಳು ಒತ್ತಡಕ್ಕೆ ಸಿಕ್ಕಿ ಸೀಳಿದಾಗ, ಆಳದಿಂದ ಏರಿದ ಬಿಸಿ ದ್ರಾವಣವು ಚಿನ್ನವನ್ನು ಗಂಧಕದ ಜೊತೆಗೆ ಕರಗಿಸಿಕೊಂಡು ಆ ಬಿರುಕುಗಳಲ್ಲಿ ಹರಿಯಿತು. ಅಕ್ಕಪಕ್ಕದ ಶಿಲೆಯಲ್ಲಿದ್ದ ಕಬ್ಬಿಣ ಗಂಧಕವನ್ನು ತನ್ನತ್ತ ಎಳೆದುಕೊಂಡು ಪೈರೈಟ್ ಆದಾಗ, ಜೊತೆಗಾರನನ್ನು ಕಳೆದುಕೊಂಡ ಚಿನ್ನ ಅಲ್ಲೇ ಇಳಿದು ಕೂತಿತು. ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದರೆ ಕಂದು ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಪೈರೈಟ್ ಘನಗಳೂ ತವರದಂತೆ ಬೆಳ್ಳಗಿನ ಆರ್ಸೆನೋಪೈರೈಟ್ (ಆರ್ಸೆನಿಕ್ ಬೆರೆತ ಕಬ್ಬಿಣ-ಗಂಧಕದ ಖನಿಜ) ಕಡ್ಡಿಗಳೂ ಕಾಣುತ್ತವೆ.

ದೂರು ಇರುವುದು ನಾಲ್ಕನೆಯ ಕಲ್ಲಿನ ಬಗ್ಗೆ. ಫಳಫಳಿಸುವ ಹಳದಿ ಘನಗಳಿದ್ದ ಅದರ ಚೀಟಿಯಲ್ಲಿ ‘ಶುದ್ಧ ಚಿನ್ನ’ ಎಂದಿತ್ತು. ಬಚ್ಚಲಿಗೆ ಹಾಕಿ ಉಳಿದಿದ್ದ ಟೈಲಿನ ಒರಟು ಹಿಂಬದಿಗೆ ಉಜ್ಜಿದೆ. ಚಿನ್ನವಾಗಿದ್ದರೆ ಹಳದಿ ಗೆರೆ ಬೀಳಬೇಕಿತ್ತು, ಬಿದ್ದದ್ದು ಹಸಿರುಗಪ್ಪು ಗೆರೆ. ಚಿನ್ನ ಸೂಜಿಮೊನೆಗೆ ತಗ್ಗುತ್ತದೆ, ಇದು ತಗ್ಗಲಿಲ್ಲ. ಪೈರೈಟ್ ಎಂದು ಬರೆದಿದ್ದರೆ ಅದಕ್ಕೆ ಹೆಚ್ಚಿನ ಮರ್ಯಾದೆ ಇರುತ್ತಿತ್ತು, ಏಕೆಂದರೆ ಇಂಥ ಗಣಿಯಲ್ಲಿ ಅದು ಚಿನ್ನ ಹತ್ತಿರದಲ್ಲಿರಬಹುದೆಂಬ ಸುಳಿವು. ಟನ್ನಿಗೆ ಐದು ಗ್ರಾಂ ಚಿನ್ನವಿದ್ದರೂ ಅದನ್ನು ಒಳ್ಳೆಯ ಅದಿರು ಎನ್ನುತ್ತಾರೆ. ಆ ಲೆಕ್ಕದಲ್ಲಿ 200 ಗ್ರಾಂ ತೂಕದ ಕಲ್ಲಿನಲ್ಲಿ ಒಂದು ಮಿಲಿಗ್ರಾಂ ಸಿಕ್ಕೀತು. ಕಣ್ಣಿಗೆ ಬೀಳುವ ಮಾತೇ ಇಲ್ಲ.

ಜೊತೆಗಿದ್ದ ಕರಪತ್ರವೂ ಬಡವಾಗಿದೆ. 1874ರಲ್ಲೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಡಂಬಳದ ಗುಡ್ಡಗಳ ಚಿನ್ನದ ಶಿಲೆಗಳ ಕುರಿತು ವರದಿ ಬರೆದದ್ದು, ಸೊರಟೂರಿನ ಹಳ್ಳದ ಮರಳು ತೊಳೆದು ಬಂಗಾರದ ಕಣ ತೆಗೆಯುತ್ತಿದ್ದ ಜಾಲಗಾರರು, 20ನೆಯ ಶತಮಾನದ ಆರಂಭದಲ್ಲಿ ಕಬಲಾಯತಕಟ್ಟಿಯಲ್ಲಿ ಗಣಿ ಕಂಪನಿಯವರು ಇಳಿಸಿದ ಶಾಫ್ಟ್ (ಬಾವಿಯಂಥ ಗಣಿದಾರಿ), ಇವು ಯಾವುವೂ ಅದರಲ್ಲಿಲ್ಲ. ಇದಕ್ಕಿಂತ ದೊಡ್ಡ ಕೊರತೆ, ಐದನೆಯ ಕಲ್ಲಿಗೆ ಊರಿನ ಹೆಸರೇ ಇಲ್ಲದಿರುವುದು. ಗದಗಿನ ಬೆಣಚಿನ ಎಳೆಗಳಲ್ಲಿ ಕೆಲವು ಲಾವಾ ಶಿಲೆಯಲ್ಲಿ, ಕೆಲವು ಗ್ರೇವ್ಯಾಕಿ ಎಂಬ ಒರಟು ಮರಳುಗಲ್ಲಿನಲ್ಲಿ ಹಾಯ್ದಿವೆ. ಊರು ಗೊತ್ತಿಲ್ಲದ ಬರೀ ಬೆಣಚು ಯಾವ ಎಳೆಯದೆಂದು ಹೇಳುವುದು ಹೇಗೆ?

ಪೆಟ್ಟಿಗೆ ಹಿಡಿದು ಮರಳಿ ಹೋದಾಗ ಗಲ್ಲೆಯ ಪಕ್ಕದಲ್ಲಿದ್ದ ವಿಜಯಪುರದ ಹುಡುಗ ನನ್ನ ಮಾತಿನ ಧಾಟಿ ಗುರುತಿಸಿ, “ಪೈರೈಟ್ ಅಂತ ಬರದರ ಯಾರೂ ತಗೊಳ್ಳೂದಿಲ್ರಿ ಕಾಕಾ, ಬಂಗಾರ ಅಂದರ ಹೋಗ್ತಾವು” ಎಂದು ನಕ್ಕ. ಮಾಲೀಕರು ನಗಲಿಲ್ಲ, ನಾನು ಟೈಲು ತೆಗೆದು ಅವರ ಮುಂದೆಯೇ ಗೆರೆ ಎಳೆದು ತೋರಿಸಿದ ಮೇಲೆ ಆ ಚೀಟಿಯನ್ನು ಹರಿದು ಹೊಸದನ್ನು ಬರೆದುಕೊಟ್ಟರು. ಐದನೆಯ ಕಲ್ಲಿನ ಊರು ಅವರಿಗೂ ಗೊತ್ತಿರಲಿಲ್ಲ. ಅದಕ್ಕೆ 200 ರೂಪಾಯಿ ಹಿಂದಿರುಗಿಸಿದರು.